ಪಾಸಾದವುಗಳ ಅಳತೆ

ಫೆಬ್ರವರಿ 9, ಸೋಮವಾರ

ಬೆಳಿಗ್ಗೆ ಆಸ್ಪತ್ರೆಯಿಂದ ಹಿರಿಯ ನರ್ಸ್ ಒಬ್ಬರು ತಾವೇ ಕಾರ್ಖಾನೆಗೆ ಬಂದರು. ಎಡ ಮಣಿಕಟ್ಟಿಗೆ ಬ್ಯಾಂಡೇಜು, ಕಂಕುಳಲ್ಲಿ ಟವೆಲ್ ಸುತ್ತಿದ ಟ್ಯೂಬ್‌ಲೈಟ್. ಮಾಲೀಕರ ಮೇಜಿನ ಮೇಲೆ ಬಿಡಿಸಿ ಇಟ್ಟರು. ಟ್ಯೂಬಿನ ಒಂದು ತುದಿ ಇದ್ದಿಲಿನ ಹಾಗೆ ಕಪ್ಪಾಗಿದೆ. ಅದನ್ನು ಹಿಡಿದಿದ್ದ ಪ್ಲಾಸ್ಟಿಕ್ ಹೋಲ್ಡರ್ ಕರಗಿ, ಮೇಣದಂತೆ ಇಳಿದು ಗಟ್ಟಿಯಾಗಿದೆ. ಅದು ವಾರ್ಡಿನಲ್ಲಿ ಹಾಸಿಗೆಯ ಮೇಲೆ ತೊಟ್ಟಿಕ್ಕತೊಡಗಿದಾಗ ಇವರು ಕೈ ಅಡ್ಡ ಹಿಡಿದು ರೋಗಿಯ ಮುಖ ಉಳಿಸಿದರಂತೆ. ಕೂಗಾಡಲಿಲ್ಲ. "ಕೆಳಗೆ ಮಲಗಿದ್ದವರು ಎದ್ದು ಪಕ್ಕಕ್ಕೆ ಹೋಗೋ ಸ್ಥಿತೀಲಿ ಇರ್ಲಿಲ್ಲ," ಎಂದಷ್ಟೇ ಹೇಳಿ ಕುರ್ಚಿಯಲ್ಲಿ ಕುಳಿತರು.

ಆ ಆಸ್ಪತ್ರೆಯಲ್ಲಿ ನಮ್ಮ ಚೋಕ್‌ಗಳು ಸಾವಿರದ ಎಂಟುನೂರು ಇವೆ. ಕಾಗದಪತ್ರದಲ್ಲಿ ಅದಕ್ಕೆ ಎಲೆಕ್ಟ್ರಾನಿಕ್ ಬ್ಯಾಲಾಸ್ಟ್ ಎಂಬ ದೊಡ್ಡ ಹೆಸರು. ಅಂಗಡಿಯಲ್ಲೂ ನಮ್ಮ ಬಾಯಲ್ಲೂ ಅದು ಚೋಕೇ. ವಿನ್ಯಾಸ ಪೂರ್ತಿ ನನ್ನದು. ಆಸ್ಪತ್ರೆಯವರು ಎರಡು ಷರತ್ತು ಹಾಕಿದ್ದಾರೆ. ಕಾರಣವೇನೆಂದು ವಾರದೊಳಗೆ ಬರೆದುಕೊಡಬೇಕು. ಮೂರು ತಿಂಗಳೊಳಗೆ, ಮಾನದಂಡದ ಪ್ರಕಾರ ಪಾಸಾಗಿದೆ ಎಂದು ಪರೀಕ್ಷಾಲಯದ ವರದಿ ತರಬೇಕು. ಇಲ್ಲವಾದರೆ ಎಲ್ಲವನ್ನೂ ಕಿತ್ತು ವಾಪಸು ಕಳಿಸುತ್ತಾರೆ.

ನನ್ನ ಸರ್ಕ್ಯೂಟಿನಲ್ಲಿ ಹೀಗೆ ಆಗಲು ಸಾಧ್ಯವಿಲ್ಲ.

ಫೆಬ್ರವರಿ 11, ಬುಧವಾರ

ತಲೆ ತಿಳಿಯಾಗಲಿ ಎಂದು ಮೊದಲಿನಿಂದ ಬರೆದುಕೊಳ್ಳುತ್ತೇನೆ.

ಟ್ಯೂಬಿನ ಎರಡು ತುದಿಗಳಲ್ಲೂ ಒಂದೊಂದು ಸಣ್ಣ ತಂತಿ ಇರುತ್ತದೆ. ಅದಕ್ಕೆ ಬಳಿದ ಲೇಪ ಉರಿದಷ್ಟೂ ಸವೆಯುತ್ತದೆ. ಎರಡು ತುದಿಗಳೂ ಒಟ್ಟಿಗೆ ಮುದಿಯಾಗುವುದಿಲ್ಲ; ಗಂಡಹೆಂಡಿರ ಹಾಗೆ, ಒಬ್ಬರು ಮೊದಲು ಸೋಲುತ್ತಾರೆ. ಸೋತ ತುದಿಯಿಂದ ಹೊರಡಲು ಕರೆಂಟು ತಿಣುಕುತ್ತದೆ, ತಿಣುಕಿದ್ದೆಲ್ಲ ಶಾಖವಾಗುತ್ತದೆ. ಚೋಕ್ ಅದನ್ನು ಗುರುತಿಸಿ ದೀಪವನ್ನು ಆರಿಸಬೇಕು. ನಮ್ಮ ತೆಳು ಟ್ಯೂಬಿನ ಸೋತ ತುದಿಗೆ ಐದು ವ್ಯಾಟ್‌ಗಿಂತ ಹೆಚ್ಚು ಸುರಿಯಕೂಡದು ಎನ್ನುತ್ತದೆ ಮಾನದಂಡ. ಗುರುತಿಸಿ ಆರಿಸುವ ಈ ಭಾಗಕ್ಕೆ ನಾವು 'ಕಾವಲು' ಎನ್ನುತ್ತೇವೆ.

ಕಾವಲನ್ನು ಕೂಡಿಸಲು ನನಗೆ ಎಂಟು ತಿಂಗಳು ಹಿಡಿದಿತ್ತು. ಐದು ವರ್ಷದ ಹಿಂದೆ ಮೊದಲ ಸಲಕ್ಕೇ ಪಾಸಾಯಿತು. ಹಾಗಾದರೆ ತಪ್ಪು ಬೇರೆಲ್ಲೋ ಇದೆ. ತಯಾರಿಕೆಯಲ್ಲಿ ಹುಡುಕಬೇಕು.

ಫೆಬ್ರವರಿ 14, ಶನಿವಾರ

ಸಿಕ್ಕಿತು.

ಆಸ್ಪತ್ರೆಯಿಂದ ಬಂದ ಐದು ಕೆಟ್ಟ ಚೋಕ್‌ಗಳನ್ನು ಬಿಚ್ಚಿ ಒಂದೊಂದೇ ಭಾಗ ಅಳೆದೆ. ಐದರಲ್ಲೂ ಕಾಯಿಲ್, ಅಂದರೆ ತಂತಿಯ ಸುರುಳಿ, ನಾನು ನಮೂದಿಸಿದ ಅಳತೆಗಿಂತ ಶೇಕಡಾ ನಾಲ್ಕರಿಂದ ಆರು ಆಚೀಚೆ. ಕಾಯಿಲ್ ಸುತ್ತುವವಳು ನಮ್ಮಲ್ಲಿ ಒಬ್ಬಳೇ, ಎಲ್ಲರೂ ಸುರುಳಿಯಮ್ಮ ಎಂದು ಕರೆಯುವ ಹೆಂಗಸು. ಇಪ್ಪತ್ತೆರಡು ವರ್ಷದಿಂದ ಅದೇ ಕಿಟಕಿಯ ಪಕ್ಕ, ಅದೇ ಕೈಚಕ್ರ. ಐವತ್ತೆಂಟು ದಾಟಿದೆ. ಈಚೆಗೆ ಮಣಿಕಟ್ಟು ಉಜ್ಜಿಕೊಳ್ಳುವುದನ್ನು ನಾನೇ ನೋಡಿದ್ದೇನೆ.

ಮಾಲೀಕರಿಗೆ ಹೇಳಿದೆ. ಬರೆದುಕೊಡಿ ಎಂದರು. 'ಕಾಯಿಲ್ ಸುತ್ತುವ ಕೆಲಸಗಾರ್ತಿಯ ಕೈತಪ್ಪು' ಎಂದು ಬರೆದು, ಆ ಐದು ತಯಾರಾದ ತಿಂಗಳ ಇನ್ನೂರು ಚೋಕ್‌ಗಳನ್ನು ಬದಲಿಸಿಕೊಡುವುದಾಗಿ ಸೇರಿಸಿ, ಸಹಿ ಹಾಕಿದೆ. ಕಾಗದ ಮಧ್ಯಾಹ್ನವೇ ಆಸ್ಪತ್ರೆಗೆ ಹೋಯಿತು.

ಮನೆಯಲ್ಲಿ ಇವರು ಮುದ್ರಣಾಲಯದಿಂದ ತಂದ ಕರಡು ಅಚ್ಚುಗಳನ್ನು ಹರಡಿಕೊಂಡು ತಿದ್ದುತ್ತಿದ್ದರು. ಹದಿನೆಂಟು ವರ್ಷದ ಸಂಸಾರದಲ್ಲಿ ಇವರು ನನ್ನ ಅಡುಗೆಯಲ್ಲಿ ತಪ್ಪು ಹುಡುಕಿಲ್ಲ, ನನ್ನ ಕಾಗುಣಿತವನ್ನು ಮಾತ್ರ ಬಿಟ್ಟಿಲ್ಲ. ಕಾರಣ ಸಿಕ್ಕಿತು ಎಂದೆ. ಊಟ ಮಾಡು ಮೊದಲು ಎಂದರು. ಎರಡು ಸಲ ಬಡಿಸಿಕೊಂಡೆ.

ಫೆಬ್ರವರಿ 16, ಸೋಮವಾರ

ಸುರುಳಿಯಮ್ಮನನ್ನು ಪ್ಯಾಕಿಂಗ್‌ಗೆ ಹಾಕಿದ್ದಾರೆ. ಕಾಯಿಲ್‌ಗಳನ್ನು ಇನ್ನು ಮೇಲೆ ಯಂತ್ರದಲ್ಲಿ ಸುತ್ತಿಸಿ ಹೊರಗಿನಿಂದ ತರಿಸುತ್ತೇವೆ.

ಅವಳು ನನ್ನ ಬೆಂಚಿನ ಹತ್ತಿರ ಬಂದು ಯಾವ ಕಾಯಿಲ್ ಎಂದು ಕೇಳಿದಳು. ಐದರಲ್ಲಿ ಒಂದನ್ನು ಕೊಟ್ಟೆ. ನಿಂತಲ್ಲೇ ಅದರ ತಂತಿ ಬಿಚ್ಚುತ್ತಾ, ಗಟ್ಟಿಯಾಗಿ ಎಣಿಸುತ್ತಾ ಹೋದಳು. ಎಲ್ಲರೂ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ನೂರೈವತ್ತಕ್ಕೆ ತಂತಿ ಮುಗಿಯಿತು. ನಾನು ಕೇಳಿದ್ದೂ ನೂರೈವತ್ತೇ.

"ಸುತ್ತು ಸರಿ ಇದೆಯಲ್ಲ ಮೇಡಂ."

"ಸುತ್ತು ಸರಿ ಇರಬಹುದು. ಬಿಗಿ ಸರಿ ಇಲ್ದೇ ಇರಬಹುದು. ಮೀಟರ್ ಸುಳ್ಳು ಹೇಳಲ್ಲ."

ಬಿಚ್ಚಿದ ತಂತಿಯನ್ನು ಅಂಗೈ ಮೇಲೆ ಸುತ್ತಿ ನನ್ನ ಬೆಂಚಿನ ಮೇಲಿಟ್ಟು ಹೋದಳು. ಪಾಪ ಅನ್ನಿಸಿತು. ಆದರೆ ಒಬ್ಬರ ಕೈ ಸುಟ್ಟಿದೆ. ಪಾಪ ಅನ್ನುತ್ತಾ ಕೂರಲಾಗದು.

ಫೆಬ್ರವರಿ 24, ಮಂಗಳವಾರ

ಸುರುಳಿಯಮ್ಮ ಮೂರು ದಿನದಿಂದ ಬಂದಿಲ್ಲ. ಕೆಲಸ ಬಿಟ್ಟಳಂತೆ.

ಯಂತ್ರದ ಕಾಯಿಲ್‌ಗಳು ಬಂದವು. ಅಂದವಾಗಿವೆ.

ಮಾರ್ಚ್ 10, ಮಂಗಳವಾರ

ಪರೀಕ್ಷಾಲಯ. ಐದು ಹೊಸ ಚೋಕ್, ಐದರಲ್ಲೂ ಯಂತ್ರದ ಕಾಯಿಲ್. ಪರೀಕ್ಷಕರು ನನಗಿಂತ ಹಿರಿಯರು, ಮಾತು ಕಡಿಮೆ. ಸೋತ ತುದಿಯ ಹಾಗೆ ವರ್ತಿಸುವ ಒಂದು ಜೋಡಣೆ ಅವರ ಬಳಿ ಇದೆ. ಅದಕ್ಕೆ ಕಟ್ಟಿ, ಅಂಕಿ ಓದಿ, ಪೆನ್ಸಿಲಿನಲ್ಲಿ ಬರೆಯುತ್ತಾರೆ. ಒಂಬತ್ತು ವ್ಯಾಟ್. ಎಂಟೂವರೆ. ನಾಲ್ಕೂ ಮುಕ್ಕಾಲು. ಒಂಬತ್ತೂಕಾಲು. ನಾಲ್ಕೂವರೆ.

ಐದರಲ್ಲಿ ಮೂರು ಫೇಲ್.

ಕಾಯಿಲ್ ಬದಲಿಸಿದ್ದೇವಲ್ಲ ಎಂದೆ. ಕೆಟ್ಟವುಗಳ ಅಳತೆಯ ಹಾಳೆಯನ್ನು ಅವರ ಮುಂದೆ ಹಿಡಿದೆ. ಕನ್ನಡಕ ಏರಿಸಿ ನಿಧಾನವಾಗಿ ಓದಿದರು. "ಇವು ಕೆಟ್ಟವು. ಪಾಸಾದವುಗಳ ಅಳತೆ ಎಲ್ಲಿ?"

ತಂದಿಲ್ಲ ಎಂದೆ. ತಂದಿಲ್ಲವೆಂದಲ್ಲ, ಅಳೆದೇ ಇಲ್ಲ. ಅದನ್ನು ಹೇಳಲಿಲ್ಲ. ಬಸ್ಸಿನಲ್ಲಿ ಬರುವಾಗ ಪೂರ್ತಿ ಆತನ ಮೇಲೆ ಸಿಟ್ಟು. ಕೂತು ಅಂಕಿ ಓದುವವರಿಗೆ ಮಾಡುವವರ ಕಷ್ಟ ಏನು ಗೊತ್ತು.

ಮಾರ್ಚ್ 11, ಬುಧವಾರ

ಉಗ್ರಾಣದಿಂದ ನಲವತ್ತು ಒಳ್ಳೆಯ ಚೋಕ್ ತೆಗೆಸಿ ಅಳೆದೆ. ಎಲ್ಲವೂ ಸುರುಳಿಯಮ್ಮ ಸುತ್ತಿದವು, ಯಾವ ದೂರೂ ಇಲ್ಲದವು. ಅವುಗಳ ಕಾಯಿಲ್ ಕೂಡ ಶೇಕಡಾ ನಾಲ್ಕರಿಂದ ಆರು ಆಚೀಚೆ. ಯಂತ್ರದವೂ ಅಷ್ಟೇ. ತಂತಿ ಸುರುಳಿಯೊಳಗಿನ ಕಪ್ಪು ಫೆರೈಟ್ ತಿರುಳು ಬರುವುದೇ ಹಾಗೆ. ಕೈಯದಲ್ಲ, ಬಿಗಿಯದೂ ಅಲ್ಲ.

ಮಾರ್ಚ್ 13, ಶುಕ್ರವಾರ

ಬರೆಯದೆ ಬಿಡಬಹುದು. ಈ ಪುಸ್ತಕ ಯಾರೂ ಓದುವುದಿಲ್ಲ. ಆದರೂ ಬರೆಯುತ್ತೇನೆ.

ಹಳೆಯ ಕಡತದಲ್ಲಿ ಎರಡು ವರ್ಷದ ಹಿಂದಿನ ಒಂದು ಹಾಳೆ ಸಿಕ್ಕಿತು. ಶೀತಲ ಗೋದಾಮೊಂದರಿಂದ ಆಗ ದೂರು ಬಂದಿತ್ತು: ಬೆಳಿಗ್ಗೆ ಸ್ವಿಚ್ ಹಾಕಿದರೆ ದೀಪ ಹತ್ತಿ ತಕ್ಷಣ ಆರುತ್ತದೆ. ಚಳಿಗೆ ಟ್ಯೂಬ್ ಮೊದಲ ನಿಮಿಷ ಒಂದು ಕಡೆಗೆ ವಾಲಿ ಉರಿಯುತ್ತದೆ. ಕಾವಲು ಅದನ್ನು ಸೋತ ತುದಿ ಎಂದು ತಿಳಿದು ಆರಿಸುತ್ತಿತ್ತು. ನಾನು ಒಂದು ರೆಸಿಸ್ಟರ್ ಬದಲಿಸಿ ಕಾವಲನ್ನು ಸಡಿಲ ಮಾಡಿದೆ. ಸಾಸಿವೆಗಿಂತ ತುಸು ದೊಡ್ಡದು ಅದು. ದೂರು ನಿಂತಿತು. ಅಂದಿನಿಂದ ಎಲ್ಲ ಚೋಕ್‌ಗಳಿಗೂ ಅದೇ ರೆಸಿಸ್ಟರ್.

ಬದಲಿಸಿದ ಮೇಲೆ ಸೋತ ತುದಿಯ ಪರೀಕ್ಷೆ ಮತ್ತೆ ಮಾಡಬೇಕಿತ್ತು. ಹಾಳೆಯಲ್ಲಿ ಅದಕ್ಕೊಂದು ಖಾನೆ ಇದೆ. 'ಅಗತ್ಯವಿಲ್ಲ' ಎಂದು ಬರೆದಿದೆ. ಅಕ್ಷರ ನನ್ನದು, ಸಹಿಯೂ ನನ್ನದು.

ಮಾರ್ಚ್ 15, ಭಾನುವಾರ

ಬಟ್ಟೆ ಒಗೆದೆ. ಕಿಟಕಿ ಒರೆಸಿದೆ. ಒಗೆದ ಬಟ್ಟೆಯನ್ನೇ ಮತ್ತೆ ನೆನೆಸಿಟ್ಟಿದ್ದೆನಂತೆ, ಇವರು ಹೇಳಿದ ಮೇಲೆ ಗೊತ್ತಾಯಿತು. ಏನಾಯಿತು ಎಂದು ಕೇಳಿದರು. ತಲೆನೋವು ಎಂದೆ.

ಮಾರ್ಚ್ 16, ಸೋಮವಾರ

ಮಾಲೀಕರಿಗೆ ಆ ಹಾಳೆ ತೋರಿಸಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ವಾಸಿಯಿತ್ತು. ಬಹಳ ಹೊತ್ತು ಹಾಳೆಯನ್ನು ಹಿಂದೆ ಮುಂದೆ ತಿರುವಿದರು. ಇಷ್ಟು ದಿನ ಆಸ್ಪತ್ರೆಯಲ್ಲಿ ನಾವು ಬದಲಿಸಿದ್ದು ಇನ್ನೂರನ್ನು. ತಪ್ಪು ಕೈಯದಾದರೆ ಅಷ್ಟಕ್ಕೇ ಮುಗಿಯುತ್ತದೆ. ತಪ್ಪು ವಿನ್ಯಾಸದ್ದಾದರೆ ಉಳಿದ ಸಾವಿರದ ಆರುನೂರೂ ತಪ್ಪು, ಬೇರೆ ಕಡೆ ಹೋದವೂ ತಪ್ಪು.

"ನೋಡಮ್ಮ, ಹೊಸದನ್ನ ಸರಿ ಮಾಡು. ಹಳೇ ಕಾಗದ ಇದ್ದ ಹಾಗೇ ಇರ್ಲಿ. ಇಲ್ಲಿಂದ ಹದಿನಾಲ್ಕು ಮನೆ ಒಲೆ ಉರೀತಿದೆ."

ಹದಿಮೂರು ಎಂದೆ. ಅವರು ತಲೆ ಎತ್ತಿ ನೋಡಿದರು. ಸುರುಳಿಯಮ್ಮ ಬಿಟ್ಟು ಹೋದರಲ್ಲ ಎಂದೆ. ಮಾಲೀಕರು ಹಾಳೆಯನ್ನು ನನ್ನ ಕಡೆ ಸರಿಸಿದರು. ಅವರು ಕೆಟ್ಟವರಲ್ಲ. ನನಗೂ ಅವರ ಮಾತು ಅರ್ಧ ಒಪ್ಪಿಗೆಯಾಗಿತ್ತು, ಅದನ್ನೂ ಬರೆದಿಡಬೇಕು.

ಮಾರ್ಚ್ 20, ಶುಕ್ರವಾರ

ಸುರುಳಿಯಮ್ಮನ ಮನೆ ಹುಡುಕಿಕೊಂಡು ಹೋದೆ. ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ, ಜೊತೆಗೆ ತಂಗಿ. ಕಡಿದಾದ ಮೆಟ್ಟಿಲು, ಹಿಡಿದುಕೊಳ್ಳಲು ಹಗ್ಗ. ನೀರು ಕೊಟ್ಟರು. ಕೊಡುವಾಗ ಲೋಟದ ನೀರು ಅಂಚಿನ ತನಕ ತುಳುಕಿತು. ಎರಡು ಕೈಯಲ್ಲಿ ಹಿಡಿದಿದ್ದರು.

ಎಲ್ಲವನ್ನೂ ಹೇಳಿದೆ. ರೆಸಿಸ್ಟರು, ಖಾನೆ, ನಲವತ್ತು ಚೋಕ್. ತಪ್ಪು ನಂದು ಎಂದು ಹೇಳಲು ಮೂರು ಸಲ ಬಾಯಿ ತೆರೆದು, ಮೂರನೆಯ ಸಲ ಹೇಳಿದೆ. ತಂಗಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

ಸುರುಳಿಯಮ್ಮ ತಮ್ಮ ಅಂಗೈ ನೋಡಿಕೊಂಡರು. "ಮಣಿಕಟ್ಟು ನೋಯ್ತಿತ್ತು, ನಿಜ. ನಡುಗ್ತಿರ್ಲಿಲ್ಲ. ನೀವು ಹೇಳಿದ ಮೇಲೆ ನಡುಗೋಕೆ ಶುರುವಾಯ್ತು."

ವಾಪಸು ಬನ್ನಿ ಅಕ್ಕ ಎಂದೆ. ಆಸ್ಪತ್ರೆಗೆ ಏನೆಂದು ಬರೆದಿದ್ದಿರಿ ಎಂದು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಕೆಲಸಗಾರ್ತಿಯ ಕೈತಪ್ಪು ಎಂದು.

"ಬಾಯಲ್ಲಿ ಆಡಿದ್ದನ್ನ ಬಾಯಲ್ಲಿ ವಾಪಸ್ ತಗೋಬಹುದು ಮೇಡಂ. ಬರೆದದ್ದನ್ನ ಬರೆದೇ ತೆಗೀಬೇಕು."

ಇಳಿಯುವಾಗ ತಂಗಿ ಹಗ್ಗ ಹಿಡ್ಕೊಳ್ಳಿ ಎಂದಳು. ಅಷ್ಟು ಮಾತ್ರ.

ಮಾರ್ಚ್ 23, ಸೋಮವಾರ

ಬಿಗಿ ಮಾಡಿದರೆ ಚಳಿಯಲ್ಲಿ ಆರುತ್ತದೆ. ಸಡಿಲ ಬಿಟ್ಟರೆ ಸುಡುತ್ತದೆ. ಒಂದೇ ರೆಸಿಸ್ಟರಿನಿಂದ ಎರಡೂ ಆಗುವುದಿಲ್ಲ. ಅಂದು ಇದನ್ನು ಯೋಚಿಸುವ ವ್ಯವಧಾನ ನನಗಿರಲಿಲ್ಲ, ಅಥವಾ ಇತ್ತು.

ಮಾರ್ಚ್ 25, ಬುಧವಾರ

ಕಾವಲಿಗೆ ಸಮಯ ಹೇಳಿಕೊಡಬೇಕು. ಹತ್ತಿದ ಮೊದಲ ಒಂದೂವರೆ ನಿಮಿಷ ತಾಳ್ಮೆ, ಆಮೇಲೆ ಕಟ್ಟುನಿಟ್ಟು.

ಮಾರ್ಚ್ 26: 6.8 ವ್ಯಾಟ್.

ಮಾರ್ಚ್ 28: 5.6.

ಮಾರ್ಚ್ 30: 4.1. ಐಸ್ ಕಾರ್ಖಾನೆಯ ಕೋಣೆಯಲ್ಲಿಟ್ಟು ಇಪ್ಪತ್ತು ಸಲ ಹಾಕಿ ತೆಗೆದೆ. ಇಪ್ಪತ್ತು ಸಲವೂ ಉರಿಯಿತು. ಬೆರಳು ಸೆಟೆದುಕೊಂಡಿವೆ. ಪಾಸಾದವನ್ನೂ ಫೇಲಾದವನ್ನೂ ಅಳೆದಿಟ್ಟೆ.

ಏಪ್ರಿಲ್ 1, ಬುಧವಾರ

ಆಸ್ಪತ್ರೆಗೆ ಹೊಸ ಕಾಗದ ಬರೆದೆ. ಆರು ಸಲ ಹರಿದೆ. ಏಳನೆಯದನ್ನು ಇವರ ಮುಂದಿಟ್ಟೆ. ಆಗಲೇ ಎಲ್ಲವನ್ನೂ ಹೇಳಿದ್ದು. ಎರಡು ವಾರದ ತಲೆನೋವು ಸುಳ್ಳು ಎಂದೂ ಹೇಳಿದೆ. ಇವರು ಕೆಂಪು ಪೆನ್ನು ತೆಗೆದುಕೊಂಡರು. ಕಾಗುಣಿತ ತಿದ್ದುತ್ತಾರೆ ಎಂದುಕೊಂಡೆ. 'ಎರಡು ವರ್ಷಗಳ ಹಿಂದೆ ವಿನ್ಯಾಸದಲ್ಲಿ ಬದಲಾವಣೆ ಮಾಡಲಾಗಿತ್ತು' ಎಂಬ ವಾಕ್ಯದ ಕೆಳಗೆ ಗೆರೆ ಎಳೆದರು.

"ವ್ಯಾಕರಣ ಸರಿಯಾಗಿದೆ. ಆದ್ರೆ ಈ ವಾಕ್ಯದಲ್ಲಿ ಯಾರೂ ಇಲ್ಲ. ಮಾಡಿದ್ದು ಯಾರು?"

ಹೊಡೆದು ಹಾಕಿ 'ನಾನು ಬದಲಾವಣೆ ಮಾಡಿದೆ, ಮರುಪರೀಕ್ಷೆ ಮಾಡಲಿಲ್ಲ, ಕಾಯಿಲ್ ಸುತ್ತಿದವರ ತಪ್ಪು ಏನೂ ಇಲ್ಲ' ಎಂದು ಬರೆದೆ. ಕಾಗದ ಮೊದಲಿಗಿಂತ ಗಿಡ್ಡವಾಯಿತು.

ಏಪ್ರಿಲ್ 2, ಗುರುವಾರ

ಮಾಲೀಕರಿಗೆ ಒಂದು ಪ್ರತಿ ಕೊಟ್ಟು, ಅವರು ಓದಿ ಮುಗಿಸುವ ಮೊದಲೇ ಆಸ್ಪತ್ರೆಗೆ ಹೊರಟೆ. ತಡೆಯುತ್ತಾರೆಂಬ ಭಯ. ತಡೆದರೆ ನಿಂತುಬಿಡುತ್ತೇನೆಂಬ ಭಯ ಅದಕ್ಕಿಂತ ಹೆಚ್ಚು.

ನರ್ಸ್ ವಾರ್ಡಿನ ಬಾಗಿಲಲ್ಲೇ ನಿಂತು ಓದಿದರು. ಬ್ಯಾಂಡೇಜು ಬಿಚ್ಚಿದ್ದಾರೆ, ಮಣಿಕಟ್ಟಿನ ಮೇಲೆ ಗುಲಾಬಿ ಬಣ್ಣದ ಹೊಳೆಯುವ ಚರ್ಮ. ಕಾಗದ ಮಡಚಿ ಜೇಬಿಗಿಟ್ಟುಕೊಂಡರು. ಕ್ಷಮೆ ಕೇಳಲು ನಾನು ಮಾತು ಜೋಡಿಸುತ್ತಿದ್ದೆ.

"ಅದು ಆಮೇಲೆ. ಈಗ ಯಾವ್ಯಾವ ದೀಪ ಆರಿಸ್ಬೇಕು, ತೋರ್ಸಿ."

ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಏಣಿ ತಂದರು. ಮಧ್ಯಾಹ್ನದಿಂದ ಸಂಜೆಯವರೆಗೆ ಮೂವರೂ ವಾರ್ಡಿನಿಂದ ವಾರ್ಡಿಗೆ ನಡೆದೆವು. ತುದಿ ಕಪ್ಪಾದವು, ಒಂದೇ ಕಡೆ ಮಿಣುಕುವವು. ಹಾಸಿಗೆಯಲ್ಲಿ ಮಲಗಿದವರು ನಮ್ಮ ಜೊತೆಗೇ ಚಾವಣಿಯತ್ತ ನೋಡುತ್ತಿದ್ದರು. ಒಬ್ಬ ಮುದುಕಿ, ನನ್ನ ತಲೆ ಮೇಲಿಂದು ಚೆನ್ನಾಗಿದೆಯೇನಮ್ಮ ಎಂದು ಕೇಳಿದರು. ಹತ್ತಿ ನೋಡಿದೆ. ಒಂದು ತುದಿಯಲ್ಲಿ ಕಪ್ಪು ಉಂಗುರ. ಕೈ ಇಟ್ಟರೆ ಇಡಲಾಗದಷ್ಟು ಬಿಸಿ. ತೆಗೆದು ಕೆಳಗಿಳಿದೆ.

ಒಟ್ಟು ನಲವತ್ತೊಂದು.

ಹೊರಡುವಾಗ ನರ್ಸ್ ಕೇಳಿದರು, ಮೊದಲ ಕಾಗದದಲ್ಲಿ ಬರೆದ ಆ ಹೆಂಗಸು ಏನಾದಳು ಎಂದು. ಕೆಲಸ ಬಿಟ್ಟರು ಎಂದೆ. ತಲೆಯಾಡಿಸಿ ಒಳಗೆ ಹೋದರು.

ಏಪ್ರಿಲ್ 4, ಶನಿವಾರ

ಮಾಲೀಕರು ನನ್ನ ಜೊತೆ ಮಾತಾಡುತ್ತಿಲ್ಲ. ಹೇಳಬೇಕಾದ್ದನ್ನು ಗುಮಾಸ್ತೆಯ ಮೂಲಕ ಹೇಳಿಸುತ್ತಾರೆ. ಅವಳು ನಮ್ಮಿಬ್ಬರ ಮಧ್ಯೆ ಎಂಟಡಿ ದೂರ ಓಡಾಡಿ ಇವತ್ತು ಸುಸ್ತಾಗಿದ್ದಳು.

ಏಪ್ರಿಲ್ 17, ಶುಕ್ರವಾರ

ವರದಿ ಬಂತು. ಎಂಟು ಚೋಕ್, ಎಂಟೂ ಪಾಸ್. ಅತಿ ಹೆಚ್ಚೆಂದರೆ 4.3 ವ್ಯಾಟ್. ಪರೀಕ್ಷಕರು ನಾನು ತಂದ ಅಳತೆಯ ಹಾಳೆಗಳನ್ನು ಒಂದೊಂದೇ ತಿರುವಿ ನೋಡಿದರು. ಹೋಗಿ ಬನ್ನಿ ಎಂದರು. ಅವರು ಅಷ್ಟು ಮಾತಾಡಿದ್ದೇ ಹೆಚ್ಚು.

ಖುಷಿಯಾಗಬೇಕಿತ್ತು. ಇಡೀ ದಿನ ನಿಂತಿದ್ದ ಕಾಲಿನ ನೋವು ಮಾತ್ರ ಗೊತ್ತಾಯಿತು.

ಏಪ್ರಿಲ್ 21, ಮಂಗಳವಾರ

ಆಸ್ಪತ್ರೆ ನಮ್ಮನ್ನು ಕೈಬಿಡಲಿಲ್ಲ. ಸಾವಿರದ ಎಂಟುನೂರನ್ನೂ ಬದಲಿಸಿಕೊಡಬೇಕು, ಬೇರೆ ಕಡೆಯವನ್ನೂ. ವರ್ಷವಿಡೀ ಅದೇ ಕೆಲಸ. ಮಾಲೀಕರು ಇವತ್ತು ನೇರವಾಗಿ ಮಾತಾಡಿದರು. ಇನ್ನು ಮೇಲೆ ವಿನ್ಯಾಸಕ್ಕೆ ನನ್ನೊಬ್ಬಳ ಸಹಿ ಸಾಲದು, ಇನ್ನೊಬ್ಬರೂ ನೋಡಬೇಕು ಎಂದರು. ಸರಿ ಎಂದೆ. ಹೋದ ತಿಂಗಳಾಗಿದ್ದರೆ ರಾಜೀನಾಮೆ ಬರೆದಿರುತ್ತಿದ್ದೆನೇನೋ. ಸುರುಳಿಯಮ್ಮನಿಗೆ ಹೇಳಿಕಳಿಸು ಎಂದೂ ಹೇಳಿದರು. ಹೇಳಿಕಳಿಸುವುದಲ್ಲ, ನಾನೇ ಹೋಗುತ್ತೇನೆ ಎಂದೆ.

ಸಂಜೆ ಹೋಗಿ ಹೊಸ ಕಾಗದದ ಪ್ರತಿ ಕೊಟ್ಟೆ. ಅಕ್ಕ ತೆಗೆದುಕೊಳ್ಳಲಿಲ್ಲ. ನಾಳೆ ಬರುತ್ತೇನೆ, ಅಲ್ಲೇ ಓದಿ ಎಂದರು. ಎಲ್ಲರೂ ಕೇಳಿಸಿಕೊಂಡ ಜಾಗದಲ್ಲೇ.

ಏಪ್ರಿಲ್ 22, ಬುಧವಾರ

ಒಂಬತ್ತು ಗಂಟೆಗೆ ಬಂದು ಹೊಸ್ತಿಲ ಹೊರಗೆ ನಿಂತರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಬೆಸುಗೆ ಹಾಕುವವರು ಕಡ್ಡಿಗಳನ್ನು ಸ್ಟ್ಯಾಂಡಿಗಿಟ್ಟರು. ಮಾಲೀಕರು ಕೋಣೆಯಿಂದ ಎದ್ದು ಬಂದು ಬಾಗಿಲ ಪಕ್ಕ ನಿಂತರು. ನಾನು ಓದಿದೆ. ಹನ್ನೊಂದು ಸಾಲು. 'ನಾನು' ಎಂಬಲ್ಲಿ ತಡವರಿಸಿ, ಮತ್ತೆ ಅದೇ ಸಾಲು ಮೊದಲಿನಿಂದ ಓದಿದೆ.

ಮುಗಿದ ಮೇಲೆ ಅಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದರು. ಯಾರ ಕಡೆಗೂ ನೋಡದೆ ಕಿಟಕಿಯ ಪಕ್ಕ ಕುಳಿತು, ಚಕ್ರದ ಧೂಳು ಸೆರಗಿನಿಂದ ಒರೆಸಿ, ತಂತಿ ಪೋಣಿಸಿದರು. ಪೋಣಿಸಲು ನಾಲ್ಕು ಸಲ ಬೇಕಾಯಿತು. ಸಹಾಯಕ್ಕೆ ಕೈ ಚಾಚಿದ್ದೆ, ಹಿಂದಕ್ಕೆಳೆದುಕೊಂಡೆ. ತುಟಿಯಲ್ಲೇ ಎಣಿಸುತ್ತಾ ಸುತ್ತಿದರು. ನಡುವೆ ಕೈ ಜಾರಿ ಚಕ್ರ ಹಿಂದಕ್ಕೆ ತಿರುಗಿತು. ನಿಂತು, ಮತ್ತೆ ಎಣಿಸಿದರು. ಮೊದಲು ನಾಲ್ಕು ನಿಮಿಷದ ಕೆಲಸ. ಇವತ್ತು ಅರ್ಧ ಗಂಟೆ.

ಕಾಯಿಲ್ ನನ್ನ ಕೈಗಿಟ್ಟು ಅಳೀರಿ ಎಂದರು.

ಅಳೆದೆ. ಶೇಕಡಾ ಹನ್ನೆರಡು ಕಡಿಮೆ. ತಿರುಳೊಂದರಿಂದಲೇ ಇಷ್ಟು ಕಡಿಮೆ ಬರದು, ಸುತ್ತು ತಪ್ಪಿರಲೇಬೇಕು. ಸುಮ್ಮನಿರಬಹುದಿತ್ತು, ಹತ್ತಿರ ಇದೆ ಎನ್ನಬಹುದಿತ್ತು. ಮೀಟರನ್ನು ಅವರ ಕಡೆ ತಿರುಗಿಸಿದೆ. ಬಗ್ಗಿ ಅಂಕಿ ಓದಿದರು.

"ಇದನ್ನ ಬರ್ಕೊಳ್ಳಿ," ಎಂದರು. "ಇದು ನಂದು."

ಬರೆದುಕೊಂಡೆ. ದಿನಾಂಕ, ಅಳತೆ, ಸುತ್ತಿದವರು. ಅಕ್ಕ ಆ ಕಾಯಿಲಿನ ತಂತಿ ಬಿಚ್ಚಿ ಬದಿಗಿಟ್ಟು, ಮತ್ತೆ ಕೈ ನೀಡಿದರು. ಹೊಸ ತಂತಿಯ ಉರುಳೆಯನ್ನು ಅವರ ಕಡೆ ಸರಿಸಿದೆ.